ಅಪ್ಪನ ಮರೆವು: ಯಾವ ಪರೀಕ್ಷೆ ಮೊದಲು?

ಪ್ರಶ್ನೆ (ಸೋಮವಾರಪೇಟೆ): ಮೇಡಂ, ಅಪ್ಪನಿಗೆ 72. ತೋಟದ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿ ಲೆಕ್ಕದ ಪುಸ್ತಕ) ಮೊದಲಿಂದಲೂ ಅವರೇ ಬರೆಯುವುದು. ಎರಡು ತಿಂಗಳಿಂದ ಲೆಕ್ಕ ತಪ್ಪುತ್ತಿದೆ, ಹೋದ ವಾರ ಒಬ್ಬಳೇ ಆಳಿಗೆ ಎರಡು ಸಲ ಬಟವಾಡೆ ಕೊಟ್ಟರು. ಬಿಪಿ, ಶುಗರ್ ಇದೆ. ಮನೆಯಲ್ಲಿ ಎಲ್ಲರೂ ಅರಳುಮರಳು ಅಂತಾರೆ. ತೋರಿಸಬೇಕಾ?

ಉತ್ತರ (ನರರೋಗ ತಜ್ಞೆ): ಈ ವಾರವೇ ತೋರಿಸಿ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ವಯಸ್ಸಿನ ಮರೆವು. ಕೈಗೆ ಪಳಗಿದ ಕೆಲಸವೇ ತಪ್ಪತೊಡಗಿದರೆ ಅದು ಕಾಯಿಲೆ. ಅದರಲ್ಲೂ ನೀವು 'ಎರಡು ತಿಂಗಳು' ಅಂದಿರಿ. ಆಲ್‌ಝೈಮರ್ ಎಂಬ ಮರೆಗುಳಿ ಕಾಯಿಲೆ ವರ್ಷಗಟ್ಟಲೆ ಮೆಲ್ಲಗೆ ಏರುವಂಥದ್ದು. ಇಷ್ಟು ಬೇಗ ಬಂದದ್ದಕ್ಕೆ ವಾಸಿಯಾಗುವ ಕಾರಣವೇ ಇರಬಹುದು.

ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದಿದ್ದರಾ, ನೆನಪಿಸಿಕೊಳ್ಳಿ. ವಯಸ್ಸಾದಂತೆ ಮಿದುಳು ಕೊಂಚ ಕುಗ್ಗಿ, ಅದರ ಮೇಲಿನ ಸಣ್ಣ ರಕ್ತನಾಳಗಳು ಬಿಗಿದಿರುತ್ತವೆ. ಸಣ್ಣ ಪೆಟ್ಟಿಗೂ ಹರಿದುಹೋಗಬಹುದು. ಕೆಲವು ವಾರಗಳಲ್ಲಿ ರಕ್ತ ನಿಧಾನವಾಗಿ ತುಂಬಿ ಮಿದುಳನ್ನು ಒತ್ತುತ್ತದೆ. ಆಸ್ಪಿರಿನ್‌ನಂಥ ಮಾತ್ರೆ ನುಂಗುವವರಿಗೆ ಅಪಾಯ ಹೆಚ್ಚು. ಅಷ್ಟರಲ್ಲಿ ಬಿದ್ದದ್ದನ್ನೇ ಮನೆಯವರು ಮರೆತಿರುತ್ತಾರೆ! ಸಾದಾ ಸಿಟಿ ಸ್ಕ್ಯಾನ್‌ನಲ್ಲಿ ಇದು ಕಾಣುತ್ತದೆ. ಬುರುಡೆಗೆ ಚಿಕ್ಕ ರಂಧ್ರ ಮಾಡಿ ರಕ್ತ ತೆಗೆದರೆ ಎಷ್ಟೋ ಜನ ಮೊದಲಿನಂತಾಗುತ್ತಾರೆ.

ಜೊತೆಗೆ ರಕ್ತದಲ್ಲಿ ಬಿ12 ವಿಟಮಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಸೋಡಿಯಂ, ಸಕ್ಕರೆ, ಹಿಮೋಗ್ಲೋಬಿನ್, ಕಿಡ್ನಿ, ಲಿವರ್ ನೋಡಿಸಿ. ಶುಗರ್‌ಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಇಳಿಯಬಹುದು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಸೋಡಿಯಂ ಇಳಿಯಬಹುದು. ನಿದ್ದೆಯದ್ದು, ಅಲರ್ಜಿಯದ್ದು ಸೇರಿ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಒಯ್ಯಿರಿ. ಚೆಕ್‌ರೋಲನ್ನೂ ಒಯ್ಯಿರಿ. ಕೂಡಿದ್ದು ಯಾವ ವಾರದಿಂದ ತಪ್ಪಿದೆ, ಅಕ್ಷರ ಯಾವಾಗ ಸೊಟ್ಟಗಾಯಿತು ಎಂಬುದು ನಿಮ್ಮ ಮಾತಿಗಿಂತ ಅದರಲ್ಲಿ ಸ್ಪಷ್ಟವಾಗಿರುತ್ತದೆ.

ಪ್ರಶ್ನೆ (ವಿರಾಜಪೇಟೆ): ನಮ್ಮತ್ತೆ ನಿನ್ನೆ ರಾತ್ರಿಯಿಂದ ಸಂಬಂಧವಿಲ್ಲದ ಮಾತಾಡ್ತಿದ್ದಾರೆ. ಇದೂ ಮರೆಗುಳಿಯಾ?

ಉತ್ತರ: ಅಲ್ಲ, ಇದು ಸನ್ನಿ (ಬೇರೆ ಕಾಯಿಲೆಯಿಂದ ದಿಢೀರನೆ ಬುದ್ಧಿ ಗೊಂದಲವಾಗುವುದು) ಇರಬೇಕು. ಮೂತ್ರದ ಸೋಂಕು, ನ್ಯುಮೋನಿಯಾ, ಸಕ್ಕರೆ ಕುಸಿತ, ಏನೂ ಇರಬಹುದು. ಇವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಳಗ್ಗೆ ಸರಿ ಕಂಡರೂ ಬಿಡಬೇಡಿ, ಸನ್ನಿ ಏರಿಳಿಯುತ್ತದೆ.

ಪ್ರಶ್ನೆ (ಪೊನ್ನಂಪೇಟೆ): ಎಲ್ಲ ಪರೀಕ್ಷೆ ಆಗಿ ನಮ್ಮ ತಂದೆಗೆ ಆಲ್‌ಝೈಮರ್ ಅಂದರು. ವಾಸಿಯಾಗದ ಕಾಯಿಲೆಯ ಹೆಸರು ತಿಳಿದು ಏನು ಪ್ರಯೋಜನ?

ಉತ್ತರ (ಸಮಾಲೋಚಕಿ): ಬಹಳ ಇದೆ. ಡೊನೆಪೆಜಿಲ್ ಮಾತ್ರೆ ವಾಸಿ ಮಾಡುವುದಿಲ್ಲ, ಆದರೆ ಕೆಲವರಿಗೆ ಕೆಲಕಾಲ ನೆನಪು, ದಿನಚರಿ ಹಿಡಿತದಲ್ಲಿರುತ್ತದೆ. 5 ಮಿ.ಗ್ರಾಂನಿಂದ ಶುರು, ಒಗ್ಗಿದರೆ ನಾಲ್ಕಾರು ವಾರದ ಮೇಲೆ ವೈದ್ಯರು 10ಕ್ಕೆ ಏರಿಸುತ್ತಾರೆ. ನಾಡಿ ನಿಧಾನವಾಗಿದ್ದರೆ ಮೊದಲೇ ಹೇಳಿ. ಆಸ್ತಿ, ಬ್ಯಾಂಕಿನ ತೀರ್ಮಾನಗಳನ್ನು ಅವರಿಗೆ ಅರ್ಥವಾಗುವಾಗಲೇ, ಅವರನ್ನೇ ಕೇಳಿ ಮಾಡಿ. ಮನೆಯಲ್ಲಿ ಕೋವಿ ಇದ್ದರೆ ಗೌರವದ ವಿಷಯವೆಂದು ಹಿಂಜರಿಯಬೇಡಿ, ಠಾಣೆಯಲ್ಲಿ ವಿಚಾರಿಸಿ ಮನೆಯಿಂದ ಹೊರಗಿರಿಸಿ. ಅಲ್ಲಿಯವರೆಗೆ ಗುಂಡುಗಳು ಬೇರೆ ಬೀಗದಲ್ಲಿರಲಿ. ರಾತ್ರಿ ಎದ್ದು ಆನೆ ಓಡಾಡುವ ತೋಟಕ್ಕೆ ನಡೆದುಬಿಡುವ ಭಯವಿದ್ದರೆ ಬಾಗಿಲಿಗೆ ಗಂಟೆ ಕಟ್ಟಿ, ಚಿಲಕವನ್ನು ತಲೆಗಿಂತ ಮೇಲೆ ಹಾಕಿಸಿ. ನೋಡಿಕೊಳ್ಳುವ ನಿಮಗೇ ಸುಸ್ತಾದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.