ಸಹಾಯ ಬೇಕು: ಕಂಪನಿ ಹೊಸ ಷೇರು ಹಂಚುತ್ತಿದೆ, ನಮ್ಮ ಪಾಲು ಕರಗುತ್ತಿದೆ

ಎಲ್ಲರಿಗೂ ನಮಸ್ಕಾರ, ನಾನು ಕಲಬುರಗಿಯವನು. ತೊಗರಿ ಮಾರಿದ ದುಡ್ಡಲ್ಲಿ ಅಪ್ಪ ಒಂದು ಲಿಸ್ಟೆಡ್ ಕಂಪನಿಯ 2,000 ಷೇರು ಕೊಂಡಿದ್ದರು. ಅವರಿಗೆ ಅದೇ ಉಳಿತಾಯ.

ಎರಡು ವರ್ಷದಲ್ಲಿ ಕಂಪನಿ ಎರಡು ಸಲ ಹೊರಗಿನವರಿಗೆ ಪ್ರಿಫರೆನ್ಷಿಯಲ್ ಆಗಿ, ಅಂದರೆ ಎಲ್ಲರಿಗೂ ಅಲ್ಲದೆ ಆಯ್ದ ಕೆಲವರಿಗೆ ಮಾತ್ರ, ಹೊಸ ಷೇರು ಕೊಟ್ಟಿದೆ. ನಮ್ಮ ಷೇರು ಅಷ್ಟೇ ಇದೆ, ಪಾಲು ಮಾತ್ರ ಕಡಿಮೆಯಾಗಿದೆ. ಈಗ ಮೂರನೇ ಸಲ ಹಾಗೇ ಕೊಡ್ತೀವಿ ಅಂತ ನೋಟಿಸ್ ಬಂದಿದೆ. ದುಡ್ಡು ಯಾಕೆ ಅಂತ ಅದರಲ್ಲಿ ಹುಡುಕಿದರೆ 'ವ್ಯವಹಾರದ ಅಗತ್ಯಕ್ಕೆ' ಅನ್ನೋ ಒಂದೇ ಸಾಲು! ಹಿಂದಿನ ದುಡ್ಡು ಎಲ್ಲಿಗೆ ಹೋಯಿತು ಅಂತ ಕೇಳೋದು ತಪ್ಪಲ್ಲ ಅಲ್ವಾ?

ಕಂಪನಿ ಸೆಕ್ರೆಟರಿಗೆ ಮೂರು ಮೇಲ್ ಹಾಕಿದೆ, ಉತ್ತರವಿಲ್ಲ. ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ ದೂರು ಪೋರ್ಟಲ್ ಸ್ಕೋರ್ಸ್‌ನಲ್ಲಿ ದೂರು ಕೊಟ್ಟೆ. 21 ದಿನದೊಳಗೆ ಕಂಪನಿಯ ಉತ್ತರ ಬಂತು, 'ನೋಟಿಸ್ ನೋಡಿ' ಅಂತ ಅಷ್ಟೇ.

ಆ ಉತ್ತರದ ಮೇಲೆ ಸ್ಕೋರ್ಸ್‌ನಲ್ಲೇ ಮರುಪರಿಶೀಲನೆ ಕೇಳಲು 15 ದಿನ ಇದೆ. ಆನ್‌ಲೈನ್‌ನಲ್ಲೇ ರಾಜಿ, ಮಧ್ಯಸ್ಥಿಕೆ ಮಾಡಿಸುವ ಪೋರ್ಟಲ್ ಸ್ಮಾರ್ಟ್ ಓಡಿಆರ್‌ಗೆ ಹೋದರೆ ಸ್ಕೋರ್ಸ್ ದೂರು ಮುಚ್ಚುತ್ತಾರೆ. ಇಂಥ ವಿಷಯಕ್ಕೆ ಮೊದಲು ಯಾವುದು ಹಿಡಿಯಬೇಕು? ಮಾಡಿದವರು ದಯವಿಟ್ಟು ಹೇಳಿ.