ಪದ ಬೇಕು: ‘ವರ್ಕ್ ಯೂನಿಟ್’ (ನಾಳೆ ಬೆಳಿಗ್ಗೆ ಮುದ್ರಣಕ್ಕೆ)

ನಮಸ್ಕಾರ. ಕಾಲೇಜಿನ ಲ್ಯಾಬಿನಲ್ಲಿ ಫೋಲ್ಡಿಂಗ್ ಅಟ್ ಹೋಮ್ (ಪ್ರೋಟೀನುಗಳ ಚಲನೆಯ ಲೆಕ್ಕವನ್ನು ಜನರ ಕಂಪ್ಯೂಟರುಗಳಿಗೆ ಹಂಚಿ ಮಾಡಿಸುವ ಯೋಜನೆ) ಓಡಿಸುವುದಕ್ಕೆ ಒಂದು ಸೂಚನಾ ಫಲಕ ಆಗಬೇಕು. ವರ್ಕ್ ಯೂನಿಟ್‌ಗೆ, ಅಂದರೆ ಒಂದು ಯಂತ್ರಕ್ಕೆ ಒಂದು ಸಲಕ್ಕೆ ಬರುವ ಲೆಕ್ಕದ ತುಂಡಿಗೆ, ಸದ್ಯ ‘ಕಾರ್ಯ ಘಟಕ’ ಹಾಕಿದೆ, ಸಮಾಧಾನವಿಲ್ಲ. ಟೈಮ್‌ಔಟ್, ಎಕ್ಸ್‌ಪಿರೇಷನ್ (ಅದನ್ನು ಮರಳಿಸಲು ಇರುವ ಮೊದಲ ಅವಧಿ, ಕೊನೆಯ ಅವಧಿ) ಎರಡಕ್ಕೂ ಬೇರೆ ಬೇರೆ ಪದ ಬೇಕು. ತಲೆಬರಹಕ್ಕೆ ‘ವಾಲಂಟಿಯರ್ ಕಂಪ್ಯೂಟಿಂಗ್’ (ಸ್ವಂತ ಇಷ್ಟದಿಂದ ಕಂಪ್ಯೂಟರಿನ ಶಕ್ತಿ ಕೊಡುವುದು) ಎನ್ನುವುದಕ್ಕೂ ಏನಾದರೂ ಹೇಳಿ.
— ಸು.

ಘಟಕ ಬೇಡ. ಪಕ್ಷದ ತಾಲ್ಲೂಕು ಘಟಕ ನೆನಪಾಗುತ್ತದೆ. ‘ಕಂತು’ ಎನ್ನಿ. ಪ್ರೋಟೀನಿನ ಚಲನೆಯನ್ನು ಒಂದೇ ಯಂತ್ರ ಕೊನೆತನಕ ಲೆಕ್ಕ ಹಾಕುವುದಿಲ್ಲ. ಒಬ್ಬರ ಯಂತ್ರ ಒಂದಿಷ್ಟು ನ್ಯಾನೋಸೆಕೆಂಡು ಮುಗಿಸಿ ಕಳಿಸಿದ ಮೇಲೆ, ಪರಮಾಣುಗಳು ಎಲ್ಲಿ ನಿಂತವೋ ಅಲ್ಲಿಂದಲೇ ಮುಂದಿನದು ಹುಟ್ಟಿ ಇನ್ನೊಬ್ಬರಿಗೆ ಹೋಗುತ್ತದೆ. ಲಾಗ್‌ನಲ್ಲಿ (ಕೆಲಸದ ದಾಖಲೆಯಲ್ಲಿ) ರನ್, ಕ್ಲೋನ್, ಜೆನ್ ಅಂತ ಮೂರು ಸಂಖ್ಯೆ ಬರುತ್ತವಲ್ಲ, ಜೆನ್ ಎಂದರೆ ಎಷ್ಟನೆಯ ಕಂತು ಅಂತಲೇ.
— ರಾ.

ಕಂತು ಎಂದರೆ ಮನ್ಮಥ. ‘ಕಂತುಪಿತ’ ಎಂದರೆ ಯಾರು, ಮರೆತಿರಾ? ಕ್ರಿಯಾಪದವಾದರೆ ಮುಳುಗು: ಹೊತ್ತು ಕಂತಿತು. ಸಾಲದ ಕಂತು ಇವೆರಡರ ಆಮೇಲಿನ ಮಾತು. ‘ಪಾಲು’ ಸಾಕು, ಅಚ್ಚಗನ್ನಡ. ತಲೆಬರಹಕ್ಕೆ ‘ಬಿಟ್ಟಿ ಎಣಿಕೆ’. ಸಂಸ್ಕೃತದ ಹಂಗೇ ಇಲ್ಲ.
— ವೆಂ.

ಬಿಟ್ಟಿ ಸಂಸ್ಕೃತದ ‘ವಿಷ್ಟಿ’ಯ ತದ್ಭವ, ಸ್ವಾಮಿ. ಸಾಲದ್ದಕ್ಕೆ ಅದು ಒತ್ತಾಯದ ದುಡಿಮೆ. ಸ್ವಂತ ಇಷ್ಟದಿಂದ ಯಂತ್ರ ಕೊಡುವವರಿಗೆ ಅಂಟಿಸುವ ಮಾತೇ ಅದು?

ಇನ್ನು ಪಾಲು. ಇಂಥದ್ದೇ ಇನ್ನೊಂದು ಯೋಜನೆ ರೊಸೆಟ್ಟಾ ಅಟ್ ಹೋಮ್‌ಗಾದರೆ ಒಪ್ಪುತ್ತೇನೆ, ಅಲ್ಲಿ ಒಂದರ ಹಂಗು ಇನ್ನೊಂದಕ್ಕಿಲ್ಲ. ಇಲ್ಲಿ ಒಂದು ತಡವಾದರೆ ಅದರಿಂದ ಹುಟ್ಟಬೇಕಾದ ಮುಂದಿನ ಸಾಲೇ ನಿಲ್ಲುತ್ತದೆ. ಬೇಗ ಮರಳಿಸಿದವರಿಗೆ ಹೆಚ್ಚಿನ ಅಂಕ ಕೊಡುವುದೂ ಅದಕ್ಕೇ. ಆ ಬೋನಸ್‌ಗೆ ಪಾಸ್‌ಕೀ (ನಿಮ್ಮನ್ನು ಗುರುತಿಸುವ ಗುಟ್ಟಿನ ಸಂಕೇತ) ಹಾಕಿ ಮೊದಲು 10 ಕಂತು ಮುಗಿಸಬೇಕು, ತೆಗೆದುಕೊಂಡದ್ದರಲ್ಲಿ 80% ಸರಿಯಾಗಿ ಮರಳಿಸಿರಬೇಕು. ಫಲಕದಲ್ಲಿ ಇದನ್ನು ಬಿಡಬೇಡಿ.
— ರಾ.

ಟೈಮ್‌ಔಟ್ ‘ವಾಯಿದೆ’, ಎಕ್ಸ್‌ಪಿರೇಷನ್ ‘ಗಡುವು’. ವಾಯಿದೆ ಮೀರಿದರೆ ಅದೇ ಕಂತು ಇನ್ನೊಬ್ಬರಿಗೂ ಹೋಗುತ್ತದೆ. ನಿಮಗೆ ಬೋನಸ್ ಇಲ್ಲ, ಮೂಲ ಅಂಕ ಉಂಟು. ಗಡುವು ಮೀರಿದರೆ ಸೊನ್ನೆ.

ಅದಕ್ಕಿಂತ ಮುಖ್ಯ, ಪಾಝ್ (Pause) ಮತ್ತು ಫಿನಿಶ್ ಬಟನ್ ಎರಡಕ್ಕೂ ‘ನಿಲ್ಲಿಸಿ’ ಎಂದು ಬರೆದೀರಿ! ಪಾಝ್ ಒತ್ತಿದರೆ ಕೆಲಸ ಅರ್ಧಕ್ಕೆ ನಿಂತು, ಮತ್ತೆ ಶುರು ಮಾಡುವಾಗ ಹಿಂದಿನ ಚೆಕ್‌ಪಾಯಿಂಟಿನಿಂದ (ಕೆಲಸವನ್ನು ಕೊನೆಯ ಸಲ ಉಳಿಸಿಟ್ಟ ಜಾಗದಿಂದ) ಹೊರಡುತ್ತದೆ. ಏಳನೇ ಆವೃತ್ತಿಯ ಕ್ಲೈಂಟಿನಲ್ಲಿ (ನಮ್ಮ ಯಂತ್ರದಲ್ಲಿ ಓಡುವ ತಂತ್ರಾಂಶ) ಸಿಪಿಯು ಕೆಲಸಕ್ಕೆ ಹೀಗೆ ಉಳಿಸುವುದು 15 ನಿಮಿಷಕ್ಕೊಮ್ಮೆ, 3ರಿಂದ 30ರವರೆಗೆ ಬದಲಿಸಬಹುದು. ಜಿಪಿಯುಗೆ (ಗ್ರಾಫಿಕ್ಸ್ ಕಾರ್ಡಿನ ಕೆಲಸಕ್ಕೆ) ಆ ಸೆಟ್ಟಿಂಗ್ ನಡೆಯುವುದಿಲ್ಲ. ಫಿನಿಶ್ ಒತ್ತಿದರೆ ಕೈಯಲ್ಲಿರುವ ಕಂತು ಮುಗಿಸಿ, ಕಳಿಸಿ, ಹೊಸದು ತರದೆ ಸುಮ್ಮನಾಗುತ್ತದೆ. ಶನಿವಾರ ಲ್ಯಾಬಿನ ಮೇನ್ ಸ್ವಿಚ್ ತೆಗೆಯುವುದಿದ್ದರೆ ಶುಕ್ರವಾರವೇ ಫಿನಿಶ್ ಒತ್ತಬೇಕು. ಇಲ್ಲವಾದರೆ ಸೋಮವಾರದ ಹೊತ್ತಿಗೆ ವಾಯಿದೆ ಮುಗಿದಿರಬಹುದು. ‘ತಡೆಹಿಡಿ’, ‘ಮುಗಿಸಿ ನಿಲ್ಲು’ ಎಂದು ಹಾಕಿ.

‘ಕಂತು ಬಾರದಿದ್ದರೆ ಕಾಯಿರಿ’ ಎಂದೂ ಒಂದು ಸಾಲು ಇರಲಿ. 2020ರ ಮಾರ್ಚ್‌ನಲ್ಲಿ ಕೊರೋನಾ ಸಂಶೋಧನೆಗೆಂದು ಜನ ಮುಗಿಬಿದ್ದು ಒಟ್ಟು ವೇಗ ಎಕ್ಸಾಫ್ಲಾಪ್ (ಸೆಕೆಂಡಿಗೆ ಒಂದರ ಮುಂದೆ 18 ಸೊನ್ನೆಯಷ್ಟು ಲೆಕ್ಕ) ದಾಟಿತು. ಸರ್ವರ್‌ಗಳಿಗೆ ಅಷ್ಟು ಕಂತು ಹಂಚಲು ಆಗಲಿಲ್ಲ. ಯಂತ್ರಗಳು ಖಾಲಿ ಕೂತವು, ಕೆಟ್ಟಿದೆ ಎಂದುಕೊಂಡು ತಂತ್ರಾಂಶ ತೆಗೆದು ಮತ್ತೆ ಹಾಕಿದವರಿಗೂ ಏನೂ ಸಿಗಲಿಲ್ಲ.
— ನಾ.

ವಾಯಿದೆ ಅರಬ್ಬಿ.
— ವೆಂ.

ಜಾಮೀನು, ಅಮಾನತು ಎಲ್ಲಿಯವು? ನಿಮ್ಮ ತಕರಾರೂ ಅರಬ್ಬಿಯೇ.
— ನಾ.

ಕೋರ್ಟಿನ ಭಾಷೆಯನ್ನು ವಿಜ್ಞಾನಕ್ಕೆ ತಂದರೆ ಹೀಗೇ ಆಗುವುದು. ಹತ್ತು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ.
— ವೆಂ.

ಎಲ್ಲರಿಗೂ ಧನ್ಯವಾದ. ಕಂತು, ವಾಯಿದೆ, ಗಡುವು, ತಡೆಹಿಡಿ, ಮುಗಿಸಿ ನಿಲ್ಲು: ಐದೂ ಹೋಗುತ್ತಿವೆ. ತಲೆಬರಹ ‘ಗಣನದಾನ’, ಶ್ರಮದಾನದ ಜಾಡಿನಲ್ಲಿ.
— ಸು.

ಗಣನವೂ ಸಂಸ್ಕೃತ, ದಾನವೂ ಸಂಸ್ಕೃತ.
— ವೆಂ.