ಸ್ಕಿಮ್ಮರ್‌ನ ‘ಸೈಜ್’: ಗಾತ್ರವೇ, ಸಾಮರ್ಥ್ಯವೇ?

ಪ್ರಶ್ನೆ: ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ ಬಗ್ಗೆ ಕನ್ನಡದಲ್ಲಿ ಕೈಪಿಡಿ ಬರೆಯುವಾಗ, ಗಾಳಿಗುಳ್ಳೆಗಳ ನೊರೆಯಲ್ಲಿ ನೀರಿನ ಕಸವನ್ನು ಹೊರತೆಗೆಯುವ ಪ್ರೋಟೀನ್ ಸ್ಕಿಮ್ಮರ್‌ನ ‘ಸೈಜ್’ಗೆ ‘ಗಾತ್ರ’ ಅನ್ನಬಹುದೇ? ಡಬ್ಬದ ಮೇಲೆ ಅಚ್ಚಾಗಿರುವ ‘500 ಲೀಟರ್’ ಯಾವ ನೀರಿನ ಲೆಕ್ಕ? ‘ಬಯೋಲೋಡ್’ಗೆ ‘ಜೈವಿಕ ಹೊರೆ’ ಸಾಕೇ? ‘ವೆಟ್’, ‘ಡ್ರೈ’ ಸ್ಕಿಮ್ಮಿಂಗ್‌ಗೆ ಏನನ್ನೋಣ?

ಉತ್ತರ: ‘ಗಾತ್ರ’ ಬೇಡ. ಗಾತ್ರ ಎಂದೊಡನೆ ಓದುಗರ ಮನಸ್ಸಿಗೆ ಬರುವುದು ಉಪಕರಣದ ಎತ್ತರ, ಅಗಲ. ಆ ಅಳತೆ ಬೇಕಾಗುವುದು ಉಪಕರಣಗಳನ್ನಿಡಲು ಟ್ಯಾಂಕಿನ ಕೆಳಗೆ ಜೋಡಿಸುವ ತೊಟ್ಟಿಯಾದ ಸಂಪ್‌ನೊಳಗೆ ಅದು ಹಿಡಿಸುತ್ತದೆಯೇ, ಮೇಲೆ ನೊರೆ ಸೇರುವ ಕಪ್ ಬಿಚ್ಚಲು ಜಾಗ ಉಳಿಯುತ್ತದೆಯೇ ಎಂದು ನೋಡಲಷ್ಟೇ. ‘ಸಾಮರ್ಥ್ಯ’ ಮೇಲು, ಆದರೆ ಅದನ್ನೂ ಬಿಡಿಯಾಗಿ ಬಳಸಬೇಡಿ. ‘500 ಲೀಟರ್ ಸಾಮರ್ಥ್ಯದ ಸ್ಕಿಮ್ಮರ್’ ಎಂದರೆ ಅದರೊಳಗೆ 500 ಲೀಟರ್ ನೀರು ಹಿಡಿಯುತ್ತದೆ ಅನ್ನುವ ಅರ್ಥ ಬರುತ್ತದೆ. ‘ಹೊರೆ ಕಡಿಮೆಯಿದ್ದರೆ 500 ಲೀಟರ್ ನೀರಿನ ಟ್ಯಾಂಕಿಗೆ ಸಾಕಾಗುವ ಸ್ಕಿಮ್ಮರ್’ ಎಂದು ಪೂರ್ತಿಯಾಗಿಯೇ ಬರೆಯಿರಿ (ಹೊರೆ ಎಂದರೆ ದಿನಕ್ಕೆ ನೀರಿಗೆ ಬೀಳುವ ಆಹಾರ; ವಿವರ ಕೆಳಗಿದೆ). ಎಲ್ಲ ತಯಾರಕರೂ ಪಾಲಿಸುವ ಒಂದೇ ಮಾನದಂಡ ಇಲ್ಲದ ಕಾರಣ ಈ ಉದ್ದನೆಯ ಮಾತು ಅಗತ್ಯ. ಹೊರೆಗೆ ತಕ್ಕಂತೆ ಎರಡು ಮೂರು ಅಂಕಿ ಕೊಟ್ಟಿದ್ದರೆ ದೊಡ್ಡ ಅಂಕಿಯನ್ನು ಬಿಟ್ಟು, ನಿಮ್ಮ ಟ್ಯಾಂಕಿನ ಹೊರೆಗೆ ಹೊಂದುವ ಅಂಕಿಯನ್ನೇ ಹಿಡಿಯಬೇಕು.

ಲೀಟರ್ ಲೆಕ್ಕ ನಿಜವಾಗಿ ಇರುವ ನೀರಿನದು. ಒಳ ಅಳತೆ 120×50 ಸೆಂ.ಮೀ., ನೀರು 45 ಸೆಂ.ಮೀ. ಇದ್ದರೆ 270 ಲೀಟರ್. ಅದರಲ್ಲಿ 30 ಕೆ.ಜಿ. ಕಲ್ಲು ಸುಮಾರು 12 ಲೀಟರ್, 5 ಸೆಂ.ಮೀ. ಮರಳು ಸುಮಾರು 18 ಲೀಟರ್ ಜಾಗ ತಿನ್ನುತ್ತವೆ. ಸಂಪ್‌ನ 48 ಲೀಟರ್ (60×40×20 ಸೆಂ.ಮೀ.) ಸೇರಿಸಿದರೆ ಒಟ್ಟು 288.

‘ಜೈವಿಕ ಹೊರೆ’ ಒಪ್ಪುವ ಪದವೇ. ಆದರೆ ಅದು ಮೀನುಗಳ ತಲೆಎಣಿಕೆಯಲ್ಲ, ದಿನಕ್ಕೆ ಎಷ್ಟು ಆಹಾರ ನೀರಿಗೆ ಬೀಳುತ್ತದೆ ಅನ್ನುವುದು ಎಂದು ಮೊದಲ ಬಳಕೆಯಲ್ಲೇ ಬಿಡಿಸಿ ಹೇಳಿ. ದಿನಕ್ಕೆ ಮೂರು ಸಲ ತಿನ್ನುವ ನಾಲ್ಕು ದೊಡ್ಡ ಟ್ಯಾಂಗ್ ಮೀನು, ಹತ್ತು ಪುಟ್ಟ ಗೋಬಿ ಮೀನುಗಳಿಗಿಂತ ಬಹಳ ಹೆಚ್ಚಿನ ಹೊರೆ. 288 ಲೀಟರಿಗೆ ಸಾಧಾರಣ ಹೊರೆಯಿದ್ದರೆ, ಡಬ್ಬದ ಮೇಲೆ ಒಂದೇ ಅಂಕಿ ಇರುವಾಗ 350ರಿಂದ 430 ಲೀಟರ್ ಎಂದಿರುವುದನ್ನು ಆರಿಸಬಹುದು.

ಅದಕ್ಕಿಂತ ದೊಡ್ಡದು ಇನ್ನೂ ಒಳ್ಳೆಯದು ಅನ್ನುವ ಮಾತನ್ನು ಮಾತ್ರ ಕೈಪಿಡಿಗೆ ಸೇರಿಸಬೇಡಿ. ನೊರೆ ಕತ್ತಿನಲ್ಲಿ (ಕಪ್ಪಿಗೆ ಏರುವ ಕೊಳವೆಯಲ್ಲಿ) ಒಡೆಯದೆ ಮೇಲೇರಲು ಗುಳ್ಳೆಗಳ ಮೈಗೆ ಅಂಟುವಷ್ಟು ಸಾವಯವ ಕಸ ಬೇಕು. ಹೊರೆ ಕಡಿಮೆ, ಕತ್ತು ಅಗಲ ಎಂದಾದರೆ ನೊರೆ ಅರ್ಧದಲ್ಲೇ ಕುಸಿದು ಕಪ್ ಖಾಲಿ ಉಳಿಯುತ್ತದೆ. ಹೀಗಾಗಿ ಗಂಟೆಗೆ ಎಷ್ಟು ಲೀಟರ್ ಗಾಳಿ ಎಳೆಯುತ್ತದೆ, ಕತ್ತಿನ ವ್ಯಾಸ ಎಷ್ಟು ಅನ್ನುವ ಎರಡು ಅಂಕಿಗಳೇ ಸ್ಕಿಮ್ಮರ್‌ನ ನಿಜವಾದ ಅಳತೆ ಎಂಬುದು ನನ್ನ ಅಭಿಪ್ರಾಯ.

ಇನ್ನೊಬ್ಬರ ಉತ್ತರ: ‘ಒದ್ದೆ ನೊರೆ’, ‘ಒಣ ನೊರೆ’ ಕಿವಿಗೆ ಒಗ್ಗುವುದಿಲ್ಲ, ನೊರೆ ಒಣಗಿರುವುದೂ ಇಲ್ಲ. ‘ತೆಳು ನೊರೆ’, ‘ಗಟ್ಟಿ ನೊರೆ’ ಅನ್ನೋಣ. ತೆಳುವಾದದ್ದು ಕಪ್‌ನಲ್ಲಿ ಚಹಾ ಬಣ್ಣದ ನೀರಾಗಿ ನಿಲ್ಲುತ್ತದೆ, ಗಟ್ಟಿಯಾದದ್ದು ಕಪ್ಪು ಹಸಿರಿನ ಲೋಳೆ. ಈ ಭೇದ ಕೆಲಸಕ್ಕೆ ಬರುವಂಥದ್ದು: ತೆಳು ನೊರೆಯೊಂದಿಗೆ ಒಂದು ಲೀಟರ್ ಉಪ್ಪುನೀರು ಹೊರಹೋದರೆ ಸುಮಾರು 35 ಗ್ರಾಂ ಉಪ್ಪೂ ಹೋಯಿತು. ಆ ಜಾಗಕ್ಕೆ ಸಿಹಿನೀರು ತಾನಾಗಿ ತುಂಬಿಕೊಳ್ಳುವ ವ್ಯವಸ್ಥೆಯಿದ್ದರೆ ಲವಣಾಂಶ ದಿನದಿನಕ್ಕೆ ಇಳಿಯುತ್ತದೆ.

‘ಪ್ರೋಟೀನ್’ ಪದಕ್ಕೂ ಒಂದು ಸಾಲು ವಿವರಣೆ ಬೇಕು. ನೊರೆಗೆ ಅಂಟುವುದು ಪ್ರೋಟೀನ್ ಮಾತ್ರವಲ್ಲ, ಒಂದು ತುದಿ ನೀರಿಗೆ ಒಲಿದು ಇನ್ನೊಂದು ತುದಿ ನೀರನ್ನು ದೂರವಿಡುವ ಬಗೆಬಗೆಯ ಅಣುಗಳು. ಕರಗಿದ ನೈಟ್ರೇಟ್ ಹೀಗೆ ಅಂಟುವುದಿಲ್ಲ. ಅದಾಗಲೇ ಏರಿದ್ದರೆ ದೊಡ್ಡ ಸ್ಕಿಮ್ಮರ್ ತಂದ ಮಾತ್ರಕ್ಕೆ ಇಳಿಯದು.

‘ಸೈಜ್ ತಪ್ಪಿತು’ ಎಂದು ತೀರ್ಮಾನಿಸುವ ಮೊದಲು ನೋಡಬೇಕಾದ್ದನ್ನೂ ಅದೇ ಪುಟದಲ್ಲಿ ಬರೆಯಿರಿ. ಹೊಸ ಸ್ಕಿಮ್ಮರ್ ಒಂದೆರಡು ವಾರ ಹದಕ್ಕೆ ಬರುವುದಿಲ್ಲ. ಎಣ್ಣೆಯಂಶವಿರುವ ಆಹಾರ ಹಾಕಿದರೆ, ಟ್ಯಾಂಕಿಗೆ ಕೈ ಇಳಿಸಿದರೆ ನೊರೆ ಕೆಲವು ಗಂಟೆ ಕುಸಿಯುತ್ತದೆ. ನೀರು ಶುದ್ಧಿಯ ದ್ರಾವಣ ಹಾಕಿದರೆ ಕಪ್ ಉಕ್ಕಿ ಹರಿಯಬಹುದು. ಸಂಪ್‌ನಲ್ಲಿ ನೀರಿನ ಮಟ್ಟ ಏರಿಳಿಯುತ್ತಿದ್ದರೆ ಯಾವ ಸ್ಕಿಮ್ಮರ್ ಕೂಡ ಒಂದೇ ಸಮನೆ ನಡೆಯದು. ತಯಾರಕರು ಹೇಳಿದ ಆಳದಲ್ಲಿ, ಮಟ್ಟ ಬದಲಾಗದ ಅಂಕಣದಲ್ಲಿ ಇಟ್ಟು, ಹೊರಹರಿವಿನ ವಾಲ್ವ್ ಅನ್ನು ಸ್ವಲ್ಪ ತಿರುಗಿಸಿ, ಒಂದು ದಿನ ಬಿಟ್ಟು ನೋಡಿ ಮತ್ತೆ ತಿರುಗಿಸಬೇಕು.